ಕಲ್ಲಿನ ಬಳ್ಳಿ ಸೀರೆಯ ಅಂಚಿಗೆ ಬಂದ ಕಥೆ

ಈ ವರ್ಷದ ರಥೋತ್ಸವದಲ್ಲಿ ಅಮ್ಮನವರಿಗೆ ಉಡಿಸಲಿರುವ ರೇಷ್ಮೆ ಸೀರೆಯ ಅಂಚನ್ನು ಭಕ್ತಾದಿಗಳೆಲ್ಲರೂ ಒಮ್ಮೆ ಗಮನವಿಟ್ಟು ನೋಡಬೇಕೆಂದು ಮೊದಲಿಗೇ ಕೋರಿಕೊಳ್ಳುತ್ತೇನೆ. ಆ ಅಂಚಿನಲ್ಲಿ ಒಂದು ಬಳ್ಳಿ ಹರಿದಿದೆ. ಒಮ್ಮೆ ಎಡಕ್ಕೆ ಹೊರಳಿ, ಒಮ್ಮೆ ಬಲಕ್ಕೆ ಹೊರಳಿ, ಪ್ರತಿ ಹೊರಳಿನ ಮಡಿಲಲ್ಲಿ ಒಂದೊಂದು ಹೂವನ್ನು ಇಟ್ಟುಕೊಂಡಿದೆ. ಅದು ಯಾವ ದೊಡ್ಡ ಪಟ್ಟಣದ ಅಂಗಡಿಯಿಂದ ಬಂದ ವಿನ್ಯಾಸವಲ್ಲ. ನಮ್ಮ ದೇವಸ್ಥಾನದ ಮುಖಮಂಟಪದ ಕಂಬದ ಮೇಲೆ ಇದ್ದ ಬಳ್ಳಿ. ನಮ್ಮ ಕೈಯಿಂದಲೇ ಅಳಿದುಹೋಗಿ, ಒಬ್ಬ ಹಿರಿಯರು ಬರೆದಿಟ್ಟಿದ್ದ ಒಂದು ಹಳೆಯ ಹಾಳೆಯಿಂದ ಮತ್ತೆ ನಮಗೆ ದಕ್ಕಿದೆ.

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಮಿತ್ರರು ಒತ್ತಾಯ ಮಾಡಿದಾಗ ಈ ಬಳ್ಳಿಯ ವಿಷಯವನ್ನೇ ಬರೆಯೋಣವೆಂದು ನಿಶ್ಚಯಿಸಿದೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಬಟ್ಟೆ ಅಂಗಡಿಯಲ್ಲಿ ಕುಳಿತವನು. ಆದರೆ ಸೀರೆಯ ಮಡಿಕೆ ಬಿಚ್ಚಿ ತೋರಿಸುವುದೇ ನನ್ನ ಕಸುಬಾದ್ದರಿಂದ, ಅಂಚು, ಸೆರಗು, ಬುಟ್ಟಾಗಳ ವಿಷಯದಲ್ಲಿ ಅಲ್ಪಸ್ವಲ್ಪ ತಿಳಿವಳಿಕೆ ಬಂದಿದೆ. ಓದಿ ತಿಳಿದದ್ದು, ಹಿರಿಯರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಇವಿಷ್ಟನ್ನು ಇಲ್ಲಿ ನಿವೇದಿಸುತ್ತೇನೆ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಹೆಂಜೇರಿನ ಕಂಬಗಳು

1953ರಲ್ಲಿ ಆಂಧ್ರ ರಾಜ್ಯ ಉದಯವಾದಾಗ ನಮ್ಮ ಮಡಕಶಿರಾ ಸೀಮೆ ಅದರೊಳಗೆ ಉಳಿಯಿತು. 2022ರಿಂದ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದೇವೆ. ಜಿಲ್ಲೆ, ರಾಜ್ಯಗಳ ಹೆಸರು ಬದಲಾದರೂ ನಮ್ಮ ಮನೆಮಾತು ಬದಲಾಗಲಿಲ್ಲ, ನಮ್ಮ ನೆಲದ ಕಲ್ಲುಗಳೂ ಬದಲಾಗಲಿಲ್ಲ. ಆ ಕಲ್ಲುಗಳಲ್ಲಿ ಅತ್ಯಂತ ಹಳೆಯ ಸಂಪತ್ತು ಇರುವುದು ಅಮರಾಪುರಂ ಮಂಡಲದ ಹೇಮಾವತಿಯಲ್ಲಿ.

ಶಿವರಾತ್ರಿಗೆ ಹೇಮಾವತಿಯ ಸಿದ್ಧೇಶ್ವರಸ್ವಾಮಿಯ ದರ್ಶನಕ್ಕೆ ಹೋಗದ ಕುಟುಂಬ ನಮ್ಮ ಕಡೆ ಕಡಿಮೆ. ಈ ಹೇಮಾವತಿಯೇ ಶಾಸನಗಳಲ್ಲಿ ಬರುವ ಹೆಂಜೇರು. ನೊಳಂಬವಾಡಿ 32000 ಎಂಬ ನಾಡನ್ನಾಳಿದ ನೊಳಂಬ ಪಲ್ಲವರ ರಾಜಧಾನಿ. ಸ್ವಾಮಿಯ ದರ್ಶನ ಮಾಡಿ ಪ್ರಸಾದ ತೆಗೆದುಕೊಂಡು ಬಸ್ಸಿಗೆ ಓಡುವ ನಾವು, ಅಲ್ಲಿಯ ದೊಡ್ಡೇಶ್ವರ ಗುಡಿಯ ಜಾಲಂಧ್ರಗಳ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ. ಬಳ್ಳಿ ಸುರುಳಿ ಸುತ್ತಿಕೊಂಡು ಮೇಲಕ್ಕೇರುತ್ತದೆ. ಪ್ರತಿ ಸುರುಳಿಯ ಒಳಗೆ ಒಂದು ಪುಟ್ಟ ಆಕೃತಿ. ಸುರುಳಿಗಳ ನಡುವಿನ ತೂತುಗಳಿಂದ ಗುಡಿಯೊಳಗೆ ಬೆಳಕು ಬೀಳುತ್ತದೆ. ಬಳ್ಳಿಯು ಅಲಂಕಾರಕ್ಕೂ ಆಯಿತು, ಕಿಟಕಿಗೂ ಆಯಿತು. ಅಲ್ಲಿಯ ಕಂಬಗಳ ಮೇಲಿರುವ ಮುತ್ತಿನ ಸಾಲು, ಹೂವಿನ ಪಟ್ಟಿ, ಎಲೆಯ ಪಟ್ಟಿಗಳನ್ನು ನೋಡಿದರೆ ಕಂಬಕ್ಕೆ ಯಾರೋ ಒಡವೆ ತೊಡಿಸಿದ್ದಾರೇನೋ ಎನ್ನಿಸುತ್ತದೆ.

ಈ ಕಂಬಗಳಿಗೆ ಅಂದಿನ ರಾಜರೇ ಮರುಳಾಗಿದ್ದರು. ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕಂಬಗಳು ಇಂದಿಗೂ ಇವೆ. ಅವನ್ನು ಚೋಳರು ವಿಜಯದ ಕುರುಹಾಗಿ ಈ ಕಡೆಯಿಂದ ಸಾಗಿಸಿಕೊಂಡು ಹೋದರೆಂದು ವಿದ್ವಾಂಸರು ಹೇಳುತ್ತಾರೆ. ಹೇಮಾವತಿಯ ಅನೇಕ ಶಿಲ್ಪಗಳು ಮುಂದೆ ಮದರಾಸಿನ ವಸ್ತುಸಂಗ್ರಹಾಲಯ ಸೇರಿದವು. ಅವುಗಳ ಮೇಲೆ ಸಿ. ಶಿವರಾಮಮೂರ್ತಿಯವರು ಬರೆದ ಪುಸ್ತಕ 1964ರಲ್ಲಿ ಪ್ರಕಟವಾಯಿತು. ಅಷ್ಟು ದೂರದವರು ಹೊತ್ತುಕೊಂಡು ಹೋಗುವಷ್ಟು, ಪುಸ್ತಕ ಬರೆಯುವಷ್ಟು ಬೆಲೆಯುಳ್ಳ ಕೆಲಸ ನಮ್ಮ ಹಿತ್ತಲಲ್ಲೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ಲೇಪಾಕ್ಷಿಯ ಲತಾಮಂಟಪ

ನೊಳಂಬರ ಕಾಲ ಕಳೆದು ಸುಮಾರು ಐದು ಶತಮಾನಗಳ ನಂತರ ಅದೇ ಬಗೆಯ ಬಳ್ಳಿಯ ಮೋಹ ಇನ್ನೊಂದು ಕಡೆ ಚಿಗುರಿತು. ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ಆಮೆಯ ಬೆನ್ನಿನಂತಿರುವ ಕೂರ್ಮಶೈಲದ ಮೇಲೆ ವೀರಭದ್ರಸ್ವಾಮಿಯ ದೇವಾಲಯವಿದೆ. ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529-1542) ಪೆನುಕೊಂಡೆಯಲ್ಲಿ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಇದನ್ನು ವಿಸ್ತಾರವಾಗಿ ಕಟ್ಟಿಸಿದರು. ಅಲ್ಲಿ ಕನ್ನಡ ಶಾಸನಗಳಿವೆ. ತೂಗುಕಂಬ, ಏಳು ಹೆಡೆಯ ನಾಗಲಿಂಗ, ಊರ ಹೊರಗಿನ ಏಕಶಿಲಾ ನಂದಿ ಇವುಗಳ ಕೀರ್ತಿ ಎಲ್ಲರಿಗೂ ತಿಳಿದದ್ದೇ. ನಂದಿಯ ಕೊರಳ ಹಾರ, ಗಂಟೆಯ ಸರಗಳನ್ನು ನೋಡಿದರೆ ಸಾಕು, ಅಕ್ಕಸಾಲಿಗರು ಒಂದು ತಿಂಗಳು ಕುಳಿತು ಬರೆದುಕೊಳ್ಳುವಷ್ಟು ಕೆಲಸವಿದೆ.

ಆದರೆ ಸೀರೆಯ ವ್ಯಾಪಾರಿಯ ಕಣ್ಣಿಗೆ ಲೇಪಾಕ್ಷಿಯಲ್ಲಿ ಮೊದಲು ಕಾಣುವುದು ಲತಾಮಂಟಪ. ಅರ್ಧಕ್ಕೆ ನಿಂತುಹೋದ ಕಲ್ಯಾಣಮಂಟಪದ ಪಕ್ಕದಲ್ಲೇ ಅದು ಇದೆ. ಕಲ್ಯಾಣಮಂಟಪ ಪೂರ್ಣವಾಗದಿದ್ದುದಕ್ಕೆ ಒಂದು ಐತಿಹ್ಯವೂ ಇದೆ. ಅರಸನ ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ಸುರಿದನೆಂಬ ದೂರು ಬಂದು, ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಎರಡು ಕೆಂಪು ಗುರುತುಗಳನ್ನು ಇಂದಿಗೂ ತೋರಿಸುತ್ತಾರೆ. ಐತಿಹ್ಯ ಹೇಗಾದರೂ ಇರಲಿ, ದೇವಸ್ಥಾನದ ಹಣಕ್ಕೆ ಲೆಕ್ಕ ಕೊಡಬೇಕಾದ ಧರ್ಮದರ್ಶಿಗಳಾದ ನಮಗೆ ಆ ಕಥೆ ಕೇಳಿದಾಗ ಮೈ ಝುಮ್ಮೆನ್ನುತ್ತದೆ.

ಲತಾಮಂಟಪದ ಕಂಬಗಳಲ್ಲಿ ದೇವರ ಕಥೆಗಳಿಲ್ಲ, ಬರಿಯ ವಿನ್ಯಾಸಗಳಿವೆ. ಕಂಬದಿಂದ ಕಂಬಕ್ಕೆ, ಮುಖದಿಂದ ಮುಖಕ್ಕೆ ಅವು ಬೇರೆಯಾಗುತ್ತಾ ಹೋಗುತ್ತವೆ. ಒಂದು ಕಡೆ ಹೆಣೆದುಕೊಂಡ ಬಳ್ಳಿ, ಒಂದು ಕಡೆ ಹಂಸ, ಒಂದು ಕಡೆ ತಾವರೆ, ಒಂದು ಕಡೆ ಬಲೆಯಂತೆ ಹರಡಿದ ಗೆರೆಗಳ ನಡುವೆ ಸಣ್ಣ ಹೂವು. ಮದುವೆಯ ಮಂಟಪದ ಮಗ್ಗುಲಲ್ಲಿ ಮದುವೆಯ ಸೀರೆಗಳನ್ನೇ ಹರವಿಟ್ಟ ಹಾಗೆ ಕಾಣುತ್ತದೆ.

ಬಟ್ಟೆಯ ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. ಮಂಟಪಗಳ ಒಳಮಾಳಿಗೆಯಲ್ಲಿ ಸುಣ್ಣದ ಗಾರೆಯ ಮೇಲೆ ಬರೆದ ವರ್ಣಚಿತ್ರಗಳಿವೆ. ಪಾರ್ವತಿಯ ಕಲ್ಯಾಣ, ಕಿರಾತಾರ್ಜುನರ ಪ್ರಸಂಗ, ದ್ರೌಪದಿಯ ಸ್ವಯಂವರ ಮೊದಲಾದವು ಅಲ್ಲಿವೆ. ಆ ಚಿತ್ರಗಳ ಹೆಂಗಸರು ಉಟ್ಟ ಸೀರೆಗಳಲ್ಲಿ ಪಟ್ಟೆ, ಚೌಕುಳಿ, ಹೂವಿನ ಬುಟ್ಟಾ, ಅಗಲವಾದ ಅಂಚು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಗಂಡಸರ ತಲೆಯ ಮೇಲಿನ ಉದ್ದನೆಯ ಕುಲಾವಿಗೂ ವಿನ್ಯಾಸವಿದೆ. ಚಿತ್ರಕಾರನು ಅಂದಿನ ಬಟ್ಟೆಯನ್ನು ನೋಡಿ ಗಾರೆಯ ಮೇಲೆ ಬರೆದನು. ಮುಂದೆ ನೇಕಾರನು ಅದೇ ಗಾರೆಯನ್ನೂ ಕಲ್ಲನ್ನೂ ನೋಡಿ ಬಟ್ಟೆಗೆ ಇಳಿಸಿದನು. ಧರ್ಮಾವರದ ರೇಷ್ಮೆ ಸೀರೆಗಳು ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿವೆ. ಅವುಗಳ ಅಂಚು ಸೆರಗುಗಳಿಗೆ ಲೇಪಾಕ್ಷಿಯ ಕಂಬಗಳು, ಚಿತ್ರಗಳು ಸ್ಫೂರ್ತಿಯೆಂದು ಆ ಕಡೆಯ ನೇಕಾರರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳಿಗೆ ಲೇಪಾಕ್ಷಿ ಎಂಬ ಹೆಸರನ್ನೇ ಇಟ್ಟಿರುವುದೂ ಸಹಜವಾಗಿದೆ. 2022ರಲ್ಲಿ ಲೇಪಾಕ್ಷಿಯ ದೇವಾಲಯ ಮತ್ತು ನಂದಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಕಲ್ಲಿನಿಂದ ಹಾಳೆಗೆ

ಕಲ್ಲಿನ ಬಳ್ಳಿ ಬಟ್ಟೆಗೆ ಬರುವುದು ಹೇಗೆ? ಇದನ್ನು ನನಗೆ ಹೇಳಿಕೊಟ್ಟವರು ಮಗ್ಗಗಳಿಗೆ ನಕ್ಷೆ ಬರೆಯುತ್ತಿದ್ದ ನಮ್ಮೂರಿನ ಒಬ್ಬ ಹಿರಿಯರು. ಊರೆಲ್ಲ ಅವರನ್ನು ನಕ್ಷೆ ತಾತ ಎಂದೇ ಕರೆಯುತ್ತಿತ್ತು. ಅಂಗಡಿಯ ಜಗಲಿಯ ಮೇಲೆ ಕುಳಿತು ಅವರು ಹೇಳುತ್ತಿದ್ದ ಮಾತುಗಳನ್ನು ನೆನಪಿದ್ದಷ್ಟು ಬರೆಯುತ್ತೇನೆ.

ಮೊದಲ ಕೆಲಸ ನೋಡುವುದು. ಬೆಳಿಗ್ಗೆ ಅಥವಾ ಸಾಯಂಕಾಲ, ಓರೆಯಾಗಿ ಬಿಸಿಲು ಬೀಳುವ ಹೊತ್ತಿನಲ್ಲಿ ನೋಡಬೇಕು. ಆಗ ಮಾತ್ರ ಕಲ್ಲಿನ ಸಣ್ಣ ಗೆರೆಗಳಿಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ನಡುಮಧ್ಯಾಹ್ನದಲ್ಲಿ ಅದೇ ಕಂಬ ಬೋಳಾಗಿ ಕಾಣುತ್ತದೆ. ಕಲ್ಲಿಗೆ ಎಣ್ಣೆ ಹಚ್ಚುವುದು, ಸೀಮೆಸುಣ್ಣದಿಂದ ತಿದ್ದುವುದು ಕೂಡದು. ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಳ್ಳಬೇಕು.

ಎರಡನೆಯದು, ಎಲ್ಲಿಂದ ಎಲ್ಲಿಯವರೆಗೆ ಒಂದು ಸುತ್ತು ಎಂಬುದನ್ನು ಗುರುತಿಸುವುದು. ಎಷ್ಟು ಉದ್ದದ ಬಳ್ಳಿಯಾದರೂ ಅದರಲ್ಲಿ ಒಂದೇ ಸುತ್ತು ಮತ್ತೆ ಮತ್ತೆ ಬರುತ್ತದೆ. ಆ ಸುತ್ತಿನಲ್ಲೂ ಎರಡು ಹೊರಳು. ಎಡದ ಹೊರಳನ್ನು ಕನ್ನಡಿಯಲ್ಲಿ ನೋಡಿದರೆ ಹೇಗೋ ಹಾಗೆ ಬಲದ ಹೊರಳು. “ಒಂದು ಹೊರಳು ಸರಿಯಾಗಿ ಬರೆದುಕೋ, ಇನ್ನೊಂದು ಅದರೊಳಗೇ ಇರುತ್ತೆ” ಎಂಬುದು ತಾತನ ಮಾತು. ಈ ಮಾತಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಚೌಕದ ಹಾಳೆಗೆ ಇಳಿಸುವುದು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಧನುರ್ಮಾಸದಲ್ಲಿ ಬಾಗಿಲ ಮುಂದೆ ಚುಕ್ಕಿ ಇಟ್ಟು, ಚುಕ್ಕಿ ಎಣಿಸಿ ರಂಗೋಲಿ ಎಳೆಯುವ ಲೆಕ್ಕವೇ ಇಲ್ಲಿಯೂ. ಗ್ರಾಫ್ ಹಾಳೆಯ ಒಂದು ಮನೆ ಎಂದರೆ ಒಂದು ಹಾಸಿನ ಎಳೆ ಮತ್ತು ಒಂದು ಹೊಕ್ಕಿನ ಎಳೆ ಸೇರುವ ಜಾಗ. ಅಲ್ಲಿ ಜರಿ ಮೇಲೆ ಕಾಣಬೇಕಾದರೆ ಆ ಮನೆಗೆ ಬಣ್ಣ ತುಂಬಬೇಕು, ಕಾಣಬಾರದಾದರೆ ಖಾಲಿ ಬಿಡಬೇಕು. ಶಿಲ್ಪಿಗೆ ಉಳಿಯಿಂದ ನುಣ್ಣಗೆ ಬಾಗಿದ ಗೆರೆ ಎಳೆಯಲು ಬರುತ್ತದೆ. ನೇಯ್ಗೆಯಲ್ಲಿ ಬಾಗಿದ ಗೆರೆ ಎಂಬುದೇ ಇಲ್ಲ, ಎಲ್ಲವೂ ಸಣ್ಣ ಸಣ್ಣ ಮೆಟ್ಟಿಲು. ಆ ಮೆಟ್ಟಿಲುಗಳನ್ನು ಹೇಗೆ ಜೋಡಿಸಿದರೆ ದೂರದಿಂದ ನೋಡುವವರಿಗೆ ಬಳ್ಳಿ ಬಾಗಿದಂತೆ ಕಾಣುತ್ತದೆ ಎಂಬುದೇ ನಕ್ಷೆಗಾರನ ವಿದ್ಯೆ.

ಕಲ್ಲಿನಲ್ಲಿರುವುದನ್ನು ಇದ್ದಂತೆಯೇ ಬರೆದರೆ ಸೀರೆ ಆಗುವುದಿಲ್ಲ ಎಂದೂ ತಾತ ಹೇಳುತ್ತಿದ್ದರು. ಕಲ್ಲಿಗೆ ಆಳವಿದೆ, ನೆರಳಿದೆ. ಬಟ್ಟೆಗೆ ಅದಿಲ್ಲ, ಬಣ್ಣ ಮಾತ್ರವಿದೆ. ಆದ್ದರಿಂದ ತೆಳ್ಳಗಿನ ದಂಟನ್ನು ಸ್ವಲ್ಪ ದಪ್ಪ ಮಾಡಬೇಕು, ಇಲ್ಲದಿದ್ದರೆ ನೇಯ್ಗೆಯಲ್ಲಿ ಕಡಿದುಹೋದಂತೆ ಕಾಣುತ್ತದೆ. ದೊಡ್ಡ ಎಸಳಿನ ತುಂಬ ಜರಿಯನ್ನು ಬಿಟ್ಟರೆ ಉದ್ದುದ್ದ ಎಳೆಗಳು ಸಡಿಲವಾಗಿ ನಿಂತು, ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಬರುತ್ತವೆ. ಅದಕ್ಕೆ ಎಸಳಿನ ನಡುವೆ ನರಗಳನ್ನು ಬಿಡಬೇಕು. ನೋಡುವವರಿಗೆ ಅದು ಎಸಳಿನ ಅಂದ, ನೇಯುವವನಿಗೆ ಜರಿಯನ್ನು ಹಿಡಿದಿಡುವ ಕಟ್ಟು.

ಹಾಳೆಯಿಂದ ಮಗ್ಗಕ್ಕೆ

ಹಿಂದೆ ಕಂಚಿ, ಬನಾರಸ್ ಮುಂತಾದ ಕಡೆ ಈ ನಕ್ಷೆಯನ್ನು ದಾರಗಳಲ್ಲೇ ಕಟ್ಟಿಟ್ಟು, ನೇಕಾರನ ಜೊತೆಗೆ ಇನ್ನೊಬ್ಬ ಕುಳಿತು, ಪ್ರತಿ ಸಾಲಿಗೂ ಬೇಕಾದ ಎಳೆಗಳನ್ನು ಎತ್ತಿಕೊಡಬೇಕಾಗಿತ್ತು. 1804ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ ಎಂಬಾತ ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ಎಳೆಗಳನ್ನು ಎತ್ತುವ ಯಂತ್ರವನ್ನು ಸಿದ್ಧಪಡಿಸಿದ. ಕ್ರಮೇಣ ಅದು ನಮ್ಮ ಕೈಮಗ್ಗಗಳ ನೆತ್ತಿಯನ್ನೂ ಏರಿತು. ಗ್ರಾಫಿನ ಒಂದು ಸಾಲಿಗೆ ಒಂದು ಕಾರ್ಡು. ಹಾಳೆಯಲ್ಲಿ ಬಣ್ಣ ತುಂಬಿದ ಮನೆ ಇರುವ ಕಡೆ ಕಾರ್ಡಿನಲ್ಲಿ ತೂತು. ಬಳ್ಳಿಯ ಒಂದು ಸುತ್ತು 200 ಸಾಲುಗಳದಾದರೆ 200 ಕಾರ್ಡುಗಳು ಮಾಲೆಯಂತೆ ಮಗ್ಗದ ಮೇಲೆ ತೂಗುತ್ತವೆ.

ಅಗಲಕ್ಕೂ ಲೆಕ್ಕವಿದೆ. 240 ಹುಕ್ಕುಗಳ ಜಕಾರ್ಡಿನಲ್ಲಿ 240 ಎಳೆಗಳನ್ನು ಬೇರೆ ಬೇರೆಯಾಗಿ ಎತ್ತಬಹುದು. ಅಂಗುಲಕ್ಕೆ 80 ಎಳೆಯಂತೆ ಹಾಸು ಇದ್ದರೆ ಅಂಚು 3 ಅಂಗುಲ ಬರುತ್ತದೆ. ಹೀಗೆ ಲೇಪಾಕ್ಷಿಯ ಒಂದು ಕಂಬದ ಮುಖವನ್ನು 3 ಅಂಗುಲದ ಅಂಚಿನೊಳಗೆ ಕೂರಿಸಬೇಕಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಬೇಕು. ಅದು ಯಂತ್ರಕ್ಕೆ ತಿಳಿಯದು.

ಈಗ ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಚೌಕ ತುಂಬುವ ಶ್ರಮ ಉಳಿದಿದೆ, ಅದು ಒಳ್ಳೆಯದೇ. ಪ್ರಿಂಟಿನ ಸೀರೆಗಳನ್ನು ನಾನೂ ಮಾರುತ್ತೇನೆ, ಅವುಗಳನ್ನು ಹಳಿದರೆ ಅನ್ನಕ್ಕೆ ದ್ರೋಹ ಮಾಡಿದಂತೆ. ಆದರೆ ಕಂಪ್ಯೂಟರಿಗೂ ಮೊದಲು ಯಾರಾದರೂ ಒಂದು ಬಳ್ಳಿಯನ್ನು ನೋಡಿ ಬರೆದುಕೊಡಬೇಕು. ನೋಡಲು ಬಳ್ಳಿಯೇ ಉಳಿಯದಿದ್ದರೆ ಏನು ಮಾಡುವುದು?

ನಮ್ಮಿಂದಾದ ತಪ್ಪು

ಇನ್ನು ನನ್ನ ತಪ್ಪೊಪ್ಪಿಗೆ. 2004ರಲ್ಲಿ ನಮ್ಮ ದೇವಸ್ಥಾನದ ಜೀರ್ಣೋದ್ಧಾರ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಭಕ್ತರು ಧಾರಾಳವಾಗಿ ಕಾಣಿಕೆ ಕೊಟ್ಟಿದ್ದರು. ಗುಡಿ ಲಕಲಕ ಹೊಳೆಯಬೇಕೆಂಬುದು ಎಲ್ಲರ ಆಸೆ. ಮುಖಮಂಟಪದ ಕಂಬಗಳ ಮೇಲೆ ತಲೆತಲಾಂತರದ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದನ್ನು ಯಂತ್ರದಿಂದ ಉಜ್ಜಿ ತೆಗೆಸಿ, ಮೇಲೆ ಪುಟ್ಟಿ ಹಚ್ಚಿ, ಎಣ್ಣೆ ಬಣ್ಣ ಹೊಡೆಸುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಆ ಸಭೆಯಲ್ಲಿ ಮೊದಲು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಕುಂಭಾಭಿಷೇಕದ ದಿನ ನಕ್ಷೆ ತಾತ ಬಂದರು. ಎಲ್ಲರೂ ಬಣ್ಣವನ್ನು ಹೊಗಳುತ್ತಿದ್ದರು. ಅವರು ಬಲಗಡೆಯ ಎರಡನೆಯ ಕಂಬದ ಮುಂದೆ ನಿಂತು ಕೈಯಾಡಿಸಿ ನೋಡಿದರು.

“ಏನ್ ಸೆಟ್ರೇ, ಇಲ್ಲಿದ್ದ ಬಳ್ಳಿ ಎಲ್ಲಿಗೆ ಹೋಯ್ತು?”

“ಅಲ್ಲೇ ಇದೆ ತಾತ, ಮೇಲೆ ಬಣ್ಣ ಬಂದಿದೆ ಅಷ್ಟೆ.”

“ನನ್ನ ಕೈಗೆ ಸಿಗ್ತಾ ಇಲ್ವಲ್ಲಪ್ಪ” ಎಂದರು. ಮತ್ತೇನೂ ಹೇಳಲಿಲ್ಲ. ತೀರ್ಥ ತೆಗೆದುಕೊಂಡು ಹೊರಟುಹೋದರು. ವಯಸ್ಸಾದವರು, ಏನೋ ಹೇಳುತ್ತಾರೆ ಎಂದು ನಾನು ಊಟದ ಪಂಕ್ತಿಯ ಕಡೆ ಓಡಿದೆ.

2019ರಲ್ಲಿ ಒಬ್ಬ ತಿಳಿದ ಸ್ಥಪತಿಗಳು ಬಂದು, ಕಲ್ಲಿಗೆ ಎಣ್ಣೆ ಬಣ್ಣ ಹೊಡೆದರೆ ಒಳಗಿನ ತೇವ ಹೊರಗೆ ಬರಲಾರದೆ ಕಲ್ಲಿನ ಮೇಲ್ಮೈ ಹಾಳಾಗುತ್ತದೆ, ಬಣ್ಣವನ್ನು ತೆಗೆಸಿರಿ ಎಂದು ಹೇಳಿದರು. ಆ ಎರಡನೆಯ ಕಂಬದ ಬಣ್ಣವನ್ನೇ ಮೊದಲು ತೆಗೆಸಿದೆವು. ಬಣ್ಣ ಹೋಯಿತು, ಪುಟ್ಟಿ ಹೋಯಿತು, ಆದರೆ ಬಳ್ಳಿ ಬರಲಿಲ್ಲ. ಕಾಲಂಗುಲದಷ್ಟೂ ಆಳವಿಲ್ಲದ ಆ ನವುರಾದ ಕೆತ್ತನೆಯನ್ನು 2004ರ ಯಂತ್ರ ಸುಣ್ಣದ ಜೊತೆಗೇ ಉಜ್ಜಿಹಾಕಿತ್ತು. ಅಲ್ಲೊಂದು ಇಲ್ಲೊಂದು ಎಸಳಿನ ಕುರುಹು ಮಾತ್ರ ಉಳಿದಿತ್ತು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶತ್ರುಗಳು ಬಂದು ಮಾಡದ ಕೆಲಸವನ್ನು ಭಕ್ತರಾದ ನಾವು ರಶೀದಿ ಹಾಕಿ, ಹಣ ಕೊಟ್ಟು ಮಾಡಿಸಿದ್ದೆವು.

ಮರುದಿನ ತಾತನ ಮನೆಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಸೊಸೆ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿಕೊಟ್ಟರು. ಅದರಲ್ಲಿ ಸುರುಳಿ ಸುತ್ತಿಟ್ಟ ಗ್ರಾಫ್ ಹಾಳೆಗಳು. ಒಂದರ ಅಂಚಿನಲ್ಲಿ ತಾತನ ಅಕ್ಷರ: “ಗುಡಿ ಕಂಬ, ಬಲಗಡೆ ಎರಡನೇದು.” ಹಾಳೆಯ ಸುಮಾರು ಅರ್ಧ ಭಾಗವನ್ನು ಹುಳು ತಿಂದಿತ್ತು. ನನ್ನ ಎದೆ ಒಡೆದುಹೋಯಿತು. ಆಮೇಲೆ ಅವರ ಮಾತು ನೆನಪಾಯಿತು. ಒಂದು ಹೊರಳು ಉಳಿದಿದ್ದರೆ ಇನ್ನೊಂದು ಅದರೊಳಗೇ ಇದೆ. ಎಡದ ಹೊರಳು ಹಾಳೆಯಲ್ಲಿ ಪೂರ್ತಿ ಇತ್ತು. ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಲದ ಹೊರಳನ್ನು ಬರೆಸಿದೆವು. ಕಂಬದ ಮೇಲೆ ಉಳಿದಿದ್ದ ಕುರುಹುಗಳಿಗೆ ಹಿಡಿದು ನೋಡಿದಾಗ ಎಸಳಿಗೆ ಎಸಳು ಕೂಡಿಬಂತು.

ಆ ಹಾಳೆಯಿಂದಲೇ ಈ ವರ್ಷ ಕಾರ್ಡು ಹೊಡೆಸಿ, ಕೈಮಗ್ಗದಲ್ಲಿ ಅಮ್ಮನವರ ಸೀರೆಯನ್ನು ನೇಯಿಸಿದ್ದೇವೆ. ಮೊದಲ ಗೇಣು ಅಂಚು ನೇಯ್ದಾದ ಮೇಲೆ ತಾತನ ಸೊಸೆಯನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಅಂಚಿಗೆ ಕುಂಕುಮ ಮುಟ್ಟಿಸಿದರು.

ಭಕ್ತಾದಿಗಳಲ್ಲಿ ವಿನಂತಿ

ಸೀರೆಯಲ್ಲಿ ಬಳ್ಳಿ ಬಂದಿತೆಂದು ಕಂಬದ ಬಳ್ಳಿ ಮರಳಿ ಬಂದಂತಲ್ಲ. ಅದು ಹೋದದ್ದು ಹೋಯಿತು. ಲೇಪಾಕ್ಷಿಯಂಥ ದೊಡ್ಡ ಕ್ಷೇತ್ರಗಳನ್ನು ಕಾಯಲು ಪುರಾತತ್ವ ಇಲಾಖೆ ಇದೆ, 1958ರ ಕಾಯಿದೆ ಇದೆ. ಹಳ್ಳಿಹಳ್ಳಿಯ ಸಣ್ಣ ಗುಡಿಗಳಿಗೆ ಅಂಥ ಕಾವಲಿಲ್ಲ, ನಾವೇ ಕಾವಲು.

ಆದ್ದರಿಂದ ನಮ್ಮ ಸುತ್ತಿನ ಎಲ್ಲ ದೇವಸ್ಥಾನಗಳ ಸಮಿತಿಯವರಲ್ಲಿ ಕೈಮುಗಿದು ಬೇಡುತ್ತೇನೆ. ಕಲ್ಲಿನ ಕಂಬಕ್ಕೆ ಎಣ್ಣೆ ಬಣ್ಣ ಬೇಡ. ಯಂತ್ರದಿಂದ ಉಜ್ಜಿಸುವುದಂತೂ ಬೇಡವೇ ಬೇಡ. ಯಾವ ಕೆಲಸ ಮಾಡಿಸುವುದಕ್ಕೂ ಮೊದಲು ಪ್ರತಿ ಕಂಬದ ಪ್ರತಿ ಮುಖದ ಫೋಟೋ ತೆಗೆಸಿರಿ. ಫೋಟೋ ಇದೆಯೆಂದು ಸುಮ್ಮನಾಗದೆ, ಕೈಯಿಂದಲೂ ಬರೆಸಿರಿ. ಫೋಟೋ ತೆಗೆಯುವವನು ಒಂದು ಗಳಿಗೆ ನೋಡುತ್ತಾನೆ, ಬರೆಯುವವನು ಒಂದೊಂದು ಎಸಳನ್ನೂ ಎಣಿಸುತ್ತಾನೆ. ಎಣಿಸಿದವನಿಗೆ ಅದನ್ನು ಅಳಿಸಲು ಮನಸ್ಸು ಬರುವುದಿಲ್ಲ. ನಾನು 2004ಕ್ಕೆ ಮೊದಲು ಒಂದು ದಿನವಾದರೂ ಆ ಕಂಬದ ಮುಂದೆ ಪೆನ್ಸಿಲ್ ಹಿಡಿದು ಕುಳಿತಿದ್ದರೆ, ಸಭೆಯಲ್ಲಿ ಆ ಕೈ ಮೇಲೇಳುತ್ತಿರಲಿಲ್ಲ.

ನಮ್ಮ ದೇವಸ್ಥಾನದ ಎಡಗಡೆಯ ಸಾಲಿನಲ್ಲಿ ಮೂರು ಕಂಬಗಳ ಕೆತ್ತನೆ ದೇವರ ದಯೆಯಿಂದ ಇನ್ನೂ ಉಳಿದಿದೆ. ರಥೋತ್ಸವ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ 7 ಗಂಟೆಗೆ, ಓರೆ ಬಿಸಿಲಿನ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ಬನ್ನಿರಿ. ಚೌಕದ ಹಾಳೆ, ಪೆನ್ಸಿಲ್ಲುಗಳನ್ನು ನನ್ನ ಅಂಗಡಿಯಿಂದ ಸೇವೆಯಾಗಿ ಒದಗಿಸುತ್ತೇನೆ. ರಂಗೋಲಿ ಬಲ್ಲ ತಾಯಂದಿರು ಮುಂದೆ ನಿಂತು ಹೇಳಿಕೊಡಬೇಕು. ಬರೆದ ಹಾಳೆಗಳನ್ನೆಲ್ಲ ದೇವಸ್ಥಾನದ ಕಚೇರಿಯ ಬೀರುವಿನಲ್ಲಿ ನಕ್ಷೆ ತಾತನ ಹಾಳೆಯ ಜೊತೆಗೆ ಇಡೋಣ.

ಸ್ವಾಮಿಯ ಮತ್ತು ಅಮ್ಮನವರ ಕೃಪೆ ಸಕಲ ಭಕ್ತಾದಿಗಳ ಮೇಲಿರಲಿ.